ಲೆತ್‌ಪೋರಾದಿಂದ ದೆಹಲಿಗೆ: ಸೈನಿಕರ ಹೆಸರುಗಳ ದಾರಿಯಲ್ಲಿ

ಮೊದಲ ದಿನ: ಶ್ರೀನಗರ, ಲೆತ್‌ಪೋರಾ

ಶ್ರೀನಗರದಲ್ಲಿ ಇಳಿದವರೆಲ್ಲ ದಾಲ್ ಸರೋವರದ ಕಡೆ ಹೊರಡುತ್ತಾರೆ. ಈ ಪ್ರವಾಸ ಮೊದಲು ದಕ್ಷಿಣಕ್ಕೆ ತಿರುಗುತ್ತದೆ. ಜಮ್ಮುವಿಗೆ ಹೋಗುವ ಹೆದ್ದಾರಿ 44ರಲ್ಲಿ ಪಾಂಪೋರ್‌ನ ಕೇಸರಿ ಹೊಲಗಳನ್ನು ದಾಟಿದರೆ ಲೆತ್‌ಪೋರಾ. 2019ರ ಫೆಬ್ರವರಿ 14ರ ಮಧ್ಯಾಹ್ನ ಸ್ಫೋಟಕ ತುಂಬಿದ ಕಾರೊಂದು ಸಿಆರ್‌ಪಿಎಫ್ ಬಸ್ಸಿಗೆ ಬಂದು ಗುದ್ದಿದ್ದು ಇಲ್ಲೇ. 40 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ನಮ್ಮ ಮಂಡ್ಯ ಜಿಲ್ಲೆಯವರೂ ಒಬ್ಬರಿದ್ದರು.

ಅವತ್ತಿನ ಕಾನ್ವಾಯ್ ಅಷ್ಟು ಉದ್ದ ಇದ್ದದ್ದಕ್ಕೆ ಕಾರಣ ಹಿಮ. ಹೆದ್ದಾರಿ ಬಂದ್ ಆಗಿ, ರಜೆ ಮುಗಿಸಿ ಡ್ಯೂಟಿಗೆ ಹೊರಟವರು ಜಮ್ಮುವಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ರಸ್ತೆ ತೆರೆದಾಗ 70ಕ್ಕೂ ಹೆಚ್ಚು ವಾಹನಗಳಲ್ಲಿ ಸುಮಾರು 2,500 ಜನ ಒಟ್ಟಿಗೆ ಹೊರಟರು. ಒಂದು ವಾರದ ನಂತರ, ಫೆಬ್ರವರಿ 21ರಂದು, ಕೇಂದ್ರ ಪಡೆಗಳ ಎಲ್ಲ ಸಿಬ್ಬಂದಿಗೂ ದೆಹಲಿ–ಶ್ರೀನಗರ ಮತ್ತು ಜಮ್ಮು–ಶ್ರೀನಗರ ನಡುವೆ ವಿಮಾನದಲ್ಲಿ ಓಡಾಡುವ ಅವಕಾಶ ಕೊಟ್ಟು ಗೃಹ ಸಚಿವಾಲಯ ಆದೇಶ ಹೊರಡಿಸಿತು. ಆ ವಾರ ದೇಶದಲ್ಲಿ ಹಚ್ಚಿದ ಮೇಣದಬತ್ತಿಗಳಿಗೆ ಲೆಕ್ಕವಿಲ್ಲ. ಆದರೆ ರಜೆಯಿಂದ ವಾಪಸ್ ಬರುವ ಜವಾನನ ದಾರಿ ಬದಲಾದದ್ದು ಈ ಆದೇಶದಿಂದ.

ಸ್ಮಾರಕ ಇರುವುದು ಸಿಆರ್‌ಪಿಎಫ್ ಕ್ಯಾಂಪಿನ ಒಳಗೆ. 2020ರ ಫೆಬ್ರವರಿ 14ರಂದು ಉದ್ಘಾಟನೆಯಾಯಿತು. ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ. ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಗೇಟಿನ ಫೋಟೊ ತೆಗೆಯಲು ಹೋಗಬೇಡಿ, ಸೆಂಟ್ರಿ ಶಿಳ್ಳೆ ಹೊಡೆದು ಓಡಿಸುತ್ತಾನೆ. ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡಬೇಕು. ದಾರಿಯಲ್ಲಿ ಕಾನ್ವಾಯ್ ಸಿಕ್ಕರೆ ಎಡಕ್ಕೆ ಸರಿದು ನಿಲ್ಲಿ, ಎರಡು ಲಾರಿಗಳ ನಡುವೆ ಗಾಡಿ ತೂರಿಸಬೇಡಿ, ವಿಡಿಯೊ ಮಾಡಬೇಡಿ. ಕಿಟಕಿಯಿಂದ ಕೈ ಬೀಸಿ "ಜೈ ಹಿಂದ್" ಎನ್ನುವ ಆಸೆಯಿದ್ದರೆ ಕಾರು ಪೂರ್ತಿ ನಿಂತ ಮೇಲೆ ಎನ್ನಿ. ಓಡುತ್ತಾ ಹತ್ತಿರ ಬರುವ ಪ್ರತಿ ಕಾರನ್ನೂ ಲಾರಿಯ ಮೇಲೆ ನಿಂತವನು ಬೇರೆ ಕಣ್ಣಿನಿಂದಲೇ ನೋಡಬೇಕಾಗುತ್ತದೆ.

ದುರಂತದ ನಂತರದ ಅನುಕಂಪ ಹೇಗೆ ಹಾದಿ ತಪ್ಪುತ್ತದೆ ಎಂಬುದಕ್ಕೂ ಈ ಊರೇ ಸಾಕ್ಷಿ. ಜವಾನರ ದೇಹದ ಭಾಗಗಳದ್ದು ಎಂದು ಸುಳ್ಳು ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ, ಅವನ್ನು ಹಂಚಬೇಡಿ, ಲೈಕ್ ಮಾಡಬೇಡಿ ಎಂದು ಸಿಆರ್‌ಪಿಎಫ್ ತಾನೇ ಪ್ರಕಟಣೆ ಕೊಡಬೇಕಾಯಿತು. ಹಣದ ವಿಷಯದಲ್ಲಿ ಮಾತ್ರ ಒಂದು ವ್ಯವಸ್ಥೆ ಮೊದಲೇ ಇತ್ತು. ಗೃಹ ಸಚಿವಾಲಯ 2017ರಲ್ಲಿ ಶುರು ಮಾಡಿದ 'ಭಾರತ್ ಕೆ ವೀರ್' ಜಾಲತಾಣದಲ್ಲಿ ಒಬ್ಬ ಯೋಧನ ಖಾತೆಗೆ 15 ಲಕ್ಷ ರೂಪಾಯಿಯ ಮಿತಿ ಇಟ್ಟಿದ್ದರು. ಅದಕ್ಕಿಂತ ಹೆಚ್ಚು ಬಂದರೆ ಮೊತ್ತ ಇಳಿಸಲು, ಇಲ್ಲವೇ ಇನ್ನೊಬ್ಬರ ಖಾತೆಗೆ ತಿರುಗಿಸಲು ದಾನಿಗೆ ಸೂಚನೆ ಬರುತ್ತದೆ. ಮಿತಿ ಇಲ್ಲದಿದ್ದರೆ ಟಿವಿಯಲ್ಲಿ ಮುಖ ಕಂಡ ಮನೆಗೆ ದುಡ್ಡು ಹರಿಯುತ್ತದೆ, ಛತ್ತೀಸಗಢದ ಕಾಡಿನಲ್ಲಿ ಸದ್ದಿಲ್ಲದೆ ಸತ್ತವನ ಮನೆಗೆ ಏನೂ ತಲುಪುವುದಿಲ್ಲ.

ಎರಡನೇ ದಿನ: ಜೋಜಿಲಾ ದಾಟಿ ದ್ರಾಸ್

ಬೆಳಿಗ್ಗೆ ಆರಕ್ಕೆಲ್ಲ ಶ್ರೀನಗರ ಬಿಡಬೇಕು. ದ್ರಾಸ್ 150 ಕಿಲೋಮೀಟರಿನೊಳಗೇ ಇದೆ, ಆದರೂ ಐದಾರು ಗಂಟೆ ಇಟ್ಟುಕೊಳ್ಳಿ. ಟ್ಯಾಂಕ್ ಶ್ರೀನಗರದಲ್ಲೇ ತುಂಬಿಸಿ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಇಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಜೋಜಿಲಾದಲ್ಲಿ ಗಾಡಿ ಬಿಡುವ ಸಮಯವನ್ನು ಟ್ರಾಫಿಕ್ ಪೊಲೀಸರು ದಿನದಿನಕ್ಕೆ ಪ್ರಕಟಿಸುತ್ತಾರೆ. ಹಿಂದಿನ ರಾತ್ರಿಯೇ ನೋಡಿಕೊಳ್ಳದಿದ್ದರೆ ಸೋನಮಾರ್ಗ್‌ನಲ್ಲಿ ಅರ್ಧ ದಿನ ಕಾಯುವ ಪಾಡು.

ಗಗನ್‌ಗೀರ್ ದಾಟಿದ ಮೇಲೆ 6.5 ಕಿಲೋಮೀಟರ್ ಉದ್ದದ ಸುರಂಗ. 2025ರ ಜನವರಿಯಲ್ಲಿ ತೆರೆಯಿತು. ಅದಕ್ಕೆ ಮೂರು ತಿಂಗಳು ಮುಂಚೆ, 2024ರ ಅಕ್ಟೋಬರ್ 20ರ ರಾತ್ರಿ, ಕಾಮಗಾರಿಯ ಕ್ಯಾಂಪಿನ ಮೇಲೆ ಉಗ್ರರು ದಾಳಿ ಮಾಡಿ ಒಬ್ಬ ವೈದ್ಯರೂ ಸೇರಿ ಏಳು ಜನರನ್ನು ಕೊಂದಿದ್ದರು. ಗಡಿಗೆ ರೇಷನ್ ತಲುಪುವುದು ಇಂಥವರ ಬೆವರಿನಿಂದ. ದೇಶಪ್ರೇಮದ ಭಾಷಣಗಳಲ್ಲಿ ರಸ್ತೆ ಕೂಲಿಗಳ ಹೆಸರು ಬರುವುದು ಅಪರೂಪ.

ಸೋನಮಾರ್ಗ್ ಬಿಟ್ಟರೆ ಏರು. ಜೋಜಿಲಾ ಸುಮಾರು 11,600 ಅಡಿ; ಎಡಕ್ಕೆ ಬಂಡೆ, ಬಲಕ್ಕೆ ಬಾಲ್ತಾಲ್ ಕಣಿವೆ, ನಡುವೆ ಕೆಸರು. ಕನ್ನಡಿಗರು ಇಲ್ಲಿ ನೆನೆಯಬೇಕಾದ್ದು ಮಡಿಕೇರಿಯ ಕೆ.ಎಸ್. ತಿಮ್ಮಯ್ಯ ಅವರನ್ನು. ಪಾಕಿಸ್ತಾನದ ಜೊತೆಗಿನ ಮೊದಲ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಮೇಜರ್ ಜನರಲ್ ತಿಮ್ಮಯ್ಯ ಈ ಕಣಿವೆಗೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿದರು. ಸುದ್ದಿ ಸೋರದ ಹಾಗೆ ಟ್ಯಾಂಕುಗಳ ಮೇಲ್ಭಾಗ ಕಳಚಿ, ಹೊದಿಸಿ ಬಾಲ್ತಾಲ್‌ಗೆ ತಂದಿದ್ದರು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರಬಹುದೆಂದು ಎದುರಾಳಿ ಲೆಕ್ಕ ಹಾಕಿರಲಿಲ್ಲ. ಲೇಹ್‌ಗೆ ದಾರಿ ತೆರೆದದ್ದು ಹಾಗೆ. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' 2021ರಿಂದ ಮ್ಯೂಸಿಯಂ ಆಗಿದೆ. ಅದನ್ನು ನೋಡಿ ಈ ದಾರಿ ಹಿಡಿದರೆ ಕಣಿವೆ ಬೇರೆಯೇ ಕಾಣುತ್ತದೆ.

ಮಟಾಯನ್, ಪಂದ್ರಾಸ್ ಆದ ಮೇಲೆ ದ್ರಾಸ್. 10,700 ಅಡಿಯ ಮೇಲೆ ಮೊದಲ ರಾತ್ರಿ ತಲೆನೋವು ಸಾಮಾನ್ಯ. ಸ್ನಾನ ಬೇಡ, ಓಡಾಟ ಬೇಡ, ನೀರು ಕುಡಿದು ಮಲಗಿ.

ಮೂರನೇ ದಿನ: ತೋಲೋಲಿಂಗ್ ಬುಡದಲ್ಲಿ

1999ರ ಕಾರ್ಗಿಲ್ ಯುದ್ಧದ ಸ್ಮಾರಕ ದ್ರಾಸ್‌ನಲ್ಲಿ ಹೆದ್ದಾರಿಗೆ ಅಂಟಿಕೊಂಡೇ ಇದೆ. ಪ್ರವೇಶ ಉಚಿತ, ಗುರುತಿನ ಚೀಟಿ ಬೇಕು. ಗೇಟಿನಿಂದ 'ವಿಜಯಪಥ' ನೇರ ಹೋಗಿ ಜ್ಯೋತಿಯ ಮುಂದೆ ನಿಲ್ಲುತ್ತದೆ, ಹಿಂದೆ ಕೆಂಗಲ್ಲಿನ ಗೋಡೆ, ಅದರ ಮೇಲೆ ಹೆಸರುಗಳು, ಅದಕ್ಕೂ ಹಿಂದೆ ತೋಲೋಲಿಂಗ್ ಬೆಟ್ಟ. ಬಂದವರಲ್ಲಿ ಬಹಳ ಜನ ಬಾವುಟದ ಕೆಳಗೆ ಫೋಟೊ ತೆಗೆಸಿಕೊಂಡು ಅರ್ಧ ಗಂಟೆಯಲ್ಲಿ ಹೊರಡುತ್ತಾರೆ. ಎರಡು ಗಂಟೆಯಾದರೂ ಇಟ್ಟುಕೊಳ್ಳಿ, ಅದೂ ಬೆಳಿಗ್ಗೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದರೆ ಜವಾನನ ವಿವರಣೆ ಕಿವಿಗೆ ಬೀಳುವುದಿಲ್ಲ.

ಮೊದಲು ಬೆಟ್ಟದ ಕಡೆ ಬೆನ್ನು ಮಾಡಿ ರಸ್ತೆ ನೋಡಿ. ತೋಲೋಲಿಂಗ್ ಮೇಲೆ ಕೂತವನಿಗೆ ಈ ರಸ್ತೆಯ ಒಂದೊಂದು ಲಾರಿಯೂ ಕಾಣುತ್ತಿತ್ತು. ಲೇಹ್‌ಗೂ ಸಿಯಾಚಿನ್‌ಗೂ ಸಾಮಾನು ಹೋಗುವ ದಾರಿ ಇದು. 1999ರ ಬೇಸಿಗೆಯಲ್ಲಿ ಇಲ್ಲಿ ಹೆಡ್‌ಲೈಟ್ ಆರಿಸಿ ಕತ್ತಲಲ್ಲಿ ಗಾಡಿ ಓಡಿಸಬೇಕಿತ್ತು. ಈಗ ಬೆಟ್ಟದ ಕಡೆ ತಿರುಗಿ. ಗಿಡವಿಲ್ಲ, ಪೊದೆಯಿಲ್ಲ. ಹಗಲಲ್ಲಿ ಹತ್ತಿದರೆ ಅಡಗಲು ಜಾಗವೇ ಇಲ್ಲ, ಅದಕ್ಕೇ ದಾಳಿಗಳು ಹೆಚ್ಚಾಗಿ ರಾತ್ರಿ ನಡೆದವು. ರಾತ್ರಿಯಿಡೀ ಹತ್ತಿ ಬೆಳಕು ಹರಿಯುವಾಗ ಶಿಖರದ ಕೆಳಗೇ ಸಿಕ್ಕಿಬಿದ್ದರೆ ಇಡೀ ಹಗಲು ಬಂಡೆಗೆ ಒತ್ತಿಕೊಂಡು ಮಲಗಿರಬೇಕು. ಬೆನ್ನ ಮೇಲೆ ಗುಂಡು ಹೊತ್ತಷ್ಟೂ ನೀರು ಕಡಿಮೆ, ನೀರು ಹೊತ್ತಷ್ಟೂ ಗುಂಡು ಕಡಿಮೆ.

ವಿವರಿಸುವ ಜವಾನ ಅಂಕಿಗಳನ್ನೇ ಹೆಸರಿನ ಹಾಗೆ ಹೇಳುತ್ತಾನೆ: 5140, 4875, 4700. ಅವೆಲ್ಲ ಮೀಟರಿನಲ್ಲಿ ಎತ್ತರ. ಟೈಗರ್ ಹಿಲ್ ನಕ್ಷೆಯಲ್ಲಿ 5062. ತೋಲೋಲಿಂಗ್ ಜೂನ್ 13ರಂದು 2 ರಜಪೂತಾನಾ ರೈಫಲ್ಸ್ ಕೈಗೆ ಬಂತು. ಆ ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರ್ ಕನ್ನಡಿಗ ಎಂ.ಬಿ. ರವೀಂದ್ರನಾಥ್, ಅವರಿಗೆ ವೀರಚಕ್ರ ಸಂದಿತು. ಆದರೆ ಅದಕ್ಕೆ ಮೊದಲು ವಾರಗಟ್ಟಲೆ ಇದೇ ಇಳಿಜಾರಿನಲ್ಲಿ ಹೋರಾಡಿ ಮೇಜರ್ ರಾಜೇಶ್ ಅಧಿಕಾರಿ, ಲೆಫ್ಟಿನೆಂಟ್ ಕರ್ನಲ್ ಆರ್. ವಿಶ್ವನಾಥನ್ ಅಂಥವರನ್ನು ಕಳೆದುಕೊಂಡದ್ದು 18 ಗ್ರೆನೇಡಿಯರ್ಸ್. ಅದೇ ಗ್ರೆನೇಡಿಯರ್ಸ್ ಜುಲೈ 4ರಂದು ಟೈಗರ್ ಹಿಲ್ ಹಿಡಿದರು. ಶಿಖರ ಹಿಡಿದ ದಿನವನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. ಸೈನಿಕರ ಮಾತಿನಲ್ಲಿ ಹಿಡಿಯಲಾಗದೆ ವಾಪಸ್ ಬಂದ ರಾತ್ರಿಗಳೇ ಹೆಚ್ಚು ಬರುತ್ತವೆ.

ಇನ್ನು ಗೋಡೆ. ಹೆಸರನ್ನಷ್ಟೇ ಓದಬೇಡಿ, ಹುದ್ದೆ ಮತ್ತು ಯೂನಿಟ್ ಕೂಡ ನೋಡಿ. ಮದ್ರಾಸ್, ಮರಾಠಾ ರೆಜಿಮೆಂಟುಗಳಲ್ಲಿ ಸಿಪಾಯಿ ಎನ್ನುವವನು ರೈಫಲ್ಸ್‌ನಲ್ಲಿ ರೈಫಲ್‌ಮನ್, ಗ್ರೆನೇಡಿಯರ್ಸ್‌ನಲ್ಲಿ ಗ್ರೆನೇಡಿಯರ್, ಫಿರಂಗಿ ದಳದಲ್ಲಿ ಗನ್ನರ್, ಎಂಜಿನಿಯರುಗಳಲ್ಲಿ ಸ್ಯಾಪರ್. ಎಲ್ಲ ಒಂದೇ ಮೆಟ್ಟಿಲು, ಸೇನೆಯ ಅತಿ ಕೆಳಗಿನದು. ಗೋಡೆಯ ಮೇಲೆ ಈ ಮೆಟ್ಟಿಲಿನವರು ಬಹಳ.

ಹೆಸರೊಂದೇ ಸಾಲದು ಎನ್ನಲು ಇನ್ನೊಂದು ಕಾರಣವಿದೆ. ಟೈಗರ್ ಹಿಲ್‌ನಲ್ಲಿ ಮೈತುಂಬ ಗುಂಡೇಟು ತಿಂದ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಪರಮವೀರ ಚಕ್ರ ಮೊದಲು ಮರಣೋತ್ತರ ಎಂದೇ ಘೋಷಣೆಯಾಗಿತ್ತು. ಸತ್ತದ್ದು ಅದೇ ಬೆಟಾಲಿಯನ್ನಿನ, ಅದೇ ಹೆಸರಿನ ಇನ್ನೊಬ್ಬರು. ಇವರು ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದರು. ಒಂದು ಮನೆಯಲ್ಲಿ ಬಿದ್ದ ಕಣ್ಣೀರು ಇನ್ನೊಂದು ಮನೆಯದಾಗಿರಬಹುದು ಎಂಬುದನ್ನು ಸೇನೆ ಮರೆಯುವುದಿಲ್ಲ. ಅದಕ್ಕೇ ಪ್ರತಿ ಕಾಗದದಲ್ಲೂ ಸೇನಾ ಸಂಖ್ಯೆ ಮೊದಲು, ಹೆಸರು ಆಮೇಲೆ.

ಆ ಯುದ್ಧದಲ್ಲಿ ಸತ್ತವರು 527. ಗಾಯಗೊಂಡವರು 1,300ಕ್ಕೂ ಹೆಚ್ಚು. ಅವರಿಗೆ ಗೋಡೆಯಿಲ್ಲ. ಬೆನ್ನುಹುರಿ ತುಂಡಾದವರನ್ನು ನೋಡಿಕೊಳ್ಳುವ ಕೇಂದ್ರಗಳು ಪುಣೆಯ ಖಡ್ಕಿಯಲ್ಲಿ ಮತ್ತು ಮೊಹಾಲಿಯಲ್ಲಿವೆ. ಕೈಕಾಲು ಕಳೆದುಕೊಂಡವರಿಗೆ ಕೆಲಸ ಕಲಿಸುವ, 1917ರಲ್ಲಿ ಮುಂಬೈಯಲ್ಲಿ ಶುರುವಾದ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ ಈಗ ಅದೇ ಖಡ್ಕಿಯಲ್ಲಿದೆ. ಕರ್ನಾಟಕದಿಂದ ದ್ರಾಸ್‌ಗಿಂತ ಪುಣೆ ಬಹಳ ಹತ್ತಿರ.

ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೆ ಬರಬೇಕೇ ಎಂದು ತುಂಬಾ ಜನ ಕೇಳುತ್ತಾರೆ. ಹಿಂದಿನ ಸಂಜೆ ದೀಪ ಹಚ್ಚುವುದು, ಮರುದಿನ ಪುಷ್ಪಚಕ್ರ, ಮೃತರ ಮನೆಯವರು, ಸಚಿವರು, ಕ್ಯಾಮೆರಾಗಳು ಎಲ್ಲ ಇರುತ್ತವೆ. ಹೋಂಸ್ಟೇ ಸಿಗುವುದು ಕಷ್ಟ, ತಪಾಸಣೆ ಉದ್ದ, ಗೋಡೆಯ ಹತ್ತಿರ ನಿಲ್ಲಲು ಬಿಡುವುದಿಲ್ಲ. ಆ ದಿನ ಮನೆಯವರದು, ಅವರಿಗೇ ಬಿಡಿ. ಸೆಪ್ಟೆಂಬರಿನ ಯಾವುದಾದರೂ ವಾರದ ದಿನ ಬನ್ನಿ.

ಜವಾನರ ಜೊತೆ ಮಾತಾಡುವುದಾದರೆ ಡ್ಯೂಟಿಯಲ್ಲಿ ಇಲ್ಲದವನನ್ನು ಮಾತಾಡಿಸಿ. ಯಾವ ಊರು, ರಜೆ ಯಾವಾಗ, ಮನೆಯಲ್ಲಿ ಎಲ್ಲ ಹೇಗಿದ್ದಾರೆ ಎಂದು ಕೇಳಿದರೆ ಮುಖ ಅರಳುತ್ತದೆ. ಎಷ್ಟು ಜನರನ್ನು ಹೊಡೆದಿದ್ದೀರಿ ಎಂದು ಕೇಳಬೇಡಿ. ಮುಂದಿನ ಪೋಸ್ಟಿಂಗ್ ಎಲ್ಲಿ, ಮೇಲೆ ಎಷ್ಟು ಜನ ಇದ್ದಾರೆ ಎಂಬುದೂ ಬೇಡ. ಅವನು ಹೇಳುವ ಹಾಗಿಲ್ಲ, ಇಲ್ಲ ಎನ್ನಲು ಸಂಕೋಚ. ಕೈಗೆ ದುಡ್ಡು ಕೊಡುವುದು ಅವಮಾನ.

ನಾಲ್ಕನೇ ದಿನ: ಕಾರ್ಗಿಲ್

ದ್ರಾಸ್‌ನಿಂದ ಕಾರ್ಗಿಲ್‌ಗೆ 60 ಕಿಲೋಮೀಟರ್, ರಸ್ತೆ ಚೆನ್ನಾಗಿದೆ. ಊರಿನಲ್ಲಿ ನೋಡುವಂಥದ್ದು ಹೆಚ್ಚಿಲ್ಲ. ಸಮಯವಿದ್ದರೆ ನಿಯಂತ್ರಣ ರೇಖೆಯ ಪಕ್ಕದ ಹುಂದರ್‌ಮಾನ್ ಹಳ್ಳಿಗೆ ಹೋಗಿ ಬನ್ನಿ. 1971ರವರೆಗೆ ಪಾಕಿಸ್ತಾನದ ಹಿಡಿತದಲ್ಲಿದ್ದ ಊರು.

ಕೃತಜ್ಞತೆ ಜನರಿಂದ ಸೈನಿಕರ ಕಡೆಗಷ್ಟೇ ಹೋಗಬೇಕೆಂದು ಯಾರು ಹೇಳಿದರು? 1999ರ ಮೇ ಮೊದಲ ವಾರದಲ್ಲಿ ಬಟಾಲಿಕ್ ಬೆಟ್ಟಗಳಲ್ಲಿ ತಪ್ಪಿಸಿಕೊಂಡ ಯಾಕ್ ಹುಡುಕುತ್ತಾ ಹೋಗಿ, ಬಂಕರ್ ತೋಡುತ್ತಿದ್ದವರನ್ನು ಕಂಡು ಸೇನೆಗೆ ತಿಳಿಸಿದ್ದು ಗರ್ಖೋನ್ ಹಳ್ಳಿಯ ಕುರಿಗಾಹಿ ತಾಶಿ ನಾಮ್‌ಗ್ಯಾಲ್. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಸೇನೆಯೇ ಶ್ರದ್ಧಾಂಜಲಿ ಸಲ್ಲಿಸಿತು. ಶೆಲ್ ಬೀಳುತ್ತಿದ್ದ ದಿನಗಳಲ್ಲಿ ಮೇಲಿನ ಪೋಸ್ಟುಗಳಿಗೆ ಸಾಮಾನು ಹೊತ್ತವರು ಈ ಜಿಲ್ಲೆಯ ಪೋರ್ಟರುಗಳು. ಅವರಿಲ್ಲದೆ ಮೇಲೆ ಗುಂಡೂ ಇಲ್ಲ, ರೊಟ್ಟಿಯೂ ಇಲ್ಲ.

ಐದನೇ, ಆರನೇ ದಿನ: ಲೇಹ್

ಕಾರ್ಗಿಲ್‌ನಿಂದ ಲೇಹ್ 215 ಕಿಲೋಮೀಟರ್ ಆಸುಪಾಸು. ಮುಲ್ಬೇಕ್, ನಮಿಕಾ ಲಾ, 13,400 ಅಡಿಗೂ ಎತ್ತರದ ಫೋತು ಲಾ, ಲಾಮಾಯುರು. ಸಂಜೆಗೆ ತಲುಪುತ್ತೀರಿ. ಮರುದಿನ ಪೂರ್ತಿ ಊರಿನಲ್ಲೇ ಇರಿ.

ಸೇನೆಯ ಲೆಕ್ಕ ಹೀಗಿದೆ: 9,000ದಿಂದ 12,000 ಅಡಿಗೆ ಬಂದ ಜವಾನನಿಗೆ ಆರು ದಿನ ಹೊಂದಾಣಿಕೆ, 15,000ದವರೆಗೆ ಇನ್ನು ನಾಲ್ಕು, ಅದರ ಮೇಲೆ ಮತ್ತೆ ನಾಲ್ಕು. ಇಪ್ಪತ್ತರ ಹರೆಯದ ಗಟ್ಟಿಮುಟ್ಟಾದ ಹುಡುಗನಿಗೇ ಇಷ್ಟು. ಬೆಂಗಳೂರಿನಿಂದ ವಿಮಾನದಲ್ಲಿ ಬಂದು ಮರುದಿನವೇ ಖಾರ್ದುಂಗ್ ಲಾ ಹತ್ತುವವರು ಯಾವ ಧೈರ್ಯದಲ್ಲಿ ಹೋಗುತ್ತಾರೋ! ಕೂತಲ್ಲೇ ಏದುಸಿರು, ನೊರೆ ಕೆಮ್ಮು, ಮಾತು ತೊದಲುವುದು ಕಂಡರೆ ಕೂಡಲೇ ಆಸ್ಪತ್ರೆಗೆ, ಕೆಳಕ್ಕೆ. ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ.

ವಿಮಾನ ನಿಲ್ದಾಣದ ಪಕ್ಕದ 'ಹಾಲ್ ಆಫ್ ಫೇಮ್' ಸೇನೆಯ ಮ್ಯೂಸಿಯಂ. ಟಿಕೆಟ್ ಇದೆ. ಸಿಯಾಚಿನ್ ವಿಭಾಗದಲ್ಲಿ ಅಲ್ಲಿ ತೊಡುವ ಬಟ್ಟೆ, ಬೂಟು, ಡಬ್ಬಿ ಊಟ ಇಟ್ಟಿದ್ದಾರೆ. ಒಂದರ ಮೇಲೊಂದು ಪದರ, ಕೈಗವಸು, ದಪ್ಪ ಬೂಟು ಇಷ್ಟನ್ನೂ ತೊಟ್ಟು ಒಂದು ಗುಂಡಿ ಹಾಕಲು ಎಷ್ಟು ಹೊತ್ತು ಬೇಕು ಎಂದು ಗಾಜಿನ ಮುಂದೆ ನಿಂತು ಯೋಚಿಸಿ.

2016ರ ಫೆಬ್ರವರಿ 3ರಂದು 19,600 ಅಡಿಯ ಸೋನಮ್ ಪೋಸ್ಟಿನ ಮೇಲೆ ಹಿಮ ಕುಸಿದು 19 ಮದ್ರಾಸ್ ಬೆಟಾಲಿಯನ್ನಿನ ಹತ್ತು ಜನ ಹೂತುಹೋದರು. ಆರನೇ ದಿನ, ಹಿಮ ಕೊರೆದು ತೆಗೆದಾಗ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ನಡುವೆ ಗುಡಿ, ಮಸೀದಿ, ಚರ್ಚುಗಳಲ್ಲಿ ಪ್ರಾರ್ಥನೆ, ಕಿಡ್ನಿ ಕೊಡಲು ಮುಂದೆ ಬಂದವರು, ಹುಬ್ಬಳ್ಳಿಯಲ್ಲಿ ಅಂತಿಮ ದರ್ಶನಕ್ಕೆ ಜನಸಾಗರ.

ಜೊತೆಗೇ ದೇಶದ ಮೂಲೆಮೂಲೆಯಿಂದ ಬಂದ ಒಂದು ಪ್ರಶ್ನೆ: ದುಡ್ಡು ಯಾರಿಗೆ ಕಳಿಸಬೇಕು? ಆ ಒತ್ತಡದಿಂದಲೇ ಸೇನೆ ಒಂದು ಬ್ಯಾಂಕ್ ಖಾತೆ ತೆರೆಯಿತು. 2017ರ ಜುಲೈನಲ್ಲಿ ಅದು ಕದನದಲ್ಲಿ ಮಡಿದವರ ಮತ್ತು ಗಾಯಗೊಂಡವರ ಕಲ್ಯಾಣ ನಿಧಿಯಾಗಿ, 2016ರ ಏಪ್ರಿಲ್‌ನಿಂದಲೇ ಪೂರ್ವಾನ್ವಯವಾಗಿ ಜಾರಿಗೆ ಬಂತು. ಎರಡು ಲಕ್ಷವಿದ್ದ ಸಹಾಯಧನ 2019ರಲ್ಲಿ ಎಂಟು ಲಕ್ಷವಾಯಿತು. 2022ರಲ್ಲಿ ಅದಕ್ಕೆ 'ಮಾ ಭಾರತಿ ಕೆ ಸಪೂತ್' ಎಂಬ ಜಾಲತಾಣವೂ ಬಂತು. ಒಬ್ಬ ಕನ್ನಡಿಗನಿಗಾಗಿ ಮಿಡಿದ ಮನಸ್ಸುಗಳು ಆಮೇಲಿನ ಎಷ್ಟೋ ಅಪರಿಚಿತ ಮನೆಗಳಿಗೆ ನೆರವಾದದ್ದು ಹೀಗೆ. ನಮ್ಮ ಶಾಸನಗಳ ಕಾಲದಲ್ಲಿ ಕಾಳಗದಲ್ಲಿ ಬಿದ್ದವನಿಗೆ ವೀರಗಲ್ಲು ನೆಟ್ಟು ಕೈತೊಳೆದುಕೊಳ್ಳುತ್ತಿರಲಿಲ್ಲ, ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಬಿಡುತ್ತಿದ್ದರು. ಕಲ್ಲಿನ ಜೊತೆ ಗದ್ದೆಯೂ ಬೇಕೆಂಬುದು ಆಗಿನವರಿಗೇ ತಿಳಿದಿತ್ತು.

ಅಂತಿಮ ದರ್ಶನದ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಪಾರ್ಥಿವ ಶರೀರದ ಜೊತೆ ಬರುವ ಎಸ್ಕಾರ್ಟ್ ಪಾರ್ಟಿ ಎರಡು ಮೂರು ರಾತ್ರಿ ನಿದ್ದೆ ಇಲ್ಲದೆ ಬಂದಿರುತ್ತದೆ. ಮೆರವಣಿಗೆ ಊರೂರಲ್ಲಿ ನಿಂತಷ್ಟೂ ತಾಯಿ ಕಾಯುವುದು ಹೆಚ್ಚಾಗುತ್ತದೆ. ಪೆಟ್ಟಿಗೆ ಇಳಿದ ಕೂಡಲೇ ಮೊಬೈಲ್ ಎತ್ತಿ ನುಗ್ಗುವವರಿಂದ ಮನೆಯವರಿಗೇ ದಾರಿ ಸಿಗುವುದಿಲ್ಲ. ಊರಿನ ಯುವಕರು ಕೈಕೈ ಹಿಡಿದು ಎರಡು ಸಾಲು ನಿಂತು ಮನೆಯವರನ್ನು ಮೊದಲು ಬಿಟ್ಟರೆ ಅದಕ್ಕಿಂತ ದೊಡ್ಡ ಗೌರವ ಇಲ್ಲ. ಧ್ವಜದ ಕೇಸರಿ ಬಣ್ಣ ತಲೆಯ ಕಡೆಗಿರಬೇಕು. ಮಣ್ಣಿಗೋ ಚಿತೆಗೋ ಇಡುವ ಮುನ್ನ ಧ್ವಜ ತೆಗೆದು, ಮಡಚಿ ಮನೆಯವರ ಕೈಗೆ ಕೊಡುತ್ತಾರೆ. ಅದನ್ನು ಸುಡುವಂತಿಲ್ಲ, ಹೂಳುವಂತಿಲ್ಲ. 'ಶೋಕ ಶಸ್ತ್ರ' ಎಂಬ ಆದೇಶ ಕೇಳಿ ಬಂದೂಕಿನ ಬಾಯಿ ಕೆಳಗಾದಾಗ ಘೋಷಣೆ ನಿಲ್ಲಿಸಿ. 'ಲಾಸ್ಟ್ ಪೋಸ್ಟ್' ಎಂಬ ಕಹಳೆ ಮುಗಿಯುವವರೆಗೆ ಮೌನ.

ಕೊನೆಯ ದಿನ: ದೆಹಲಿ

ಲೇಹ್‌ನಿಂದ ಬೆಳಗಿನ ವಿಮಾನವೇ ಹಿಡಿಯಿರಿ. ಮಧ್ಯಾಹ್ನದ ಗಾಳಿಗೆ ಹಾರಾಟ ರದ್ದಾಗುತ್ತದೆ. ಸಂಜೆ ಇಂಡಿಯಾ ಗೇಟ್ ಪಕ್ಕದ ರಾಷ್ಟ್ರೀಯ ಯುದ್ಧ ಸ್ಮಾರಕ. 2019ರ ಫೆಬ್ರವರಿ 25ರಂದು ಉದ್ಘಾಟನೆಯಾದದ್ದು. ಒಂದರೊಳಗೊಂದು ನಾಲ್ಕು ಚಕ್ರಗಳು; ಮೂರನೆಯದಾದ ತ್ಯಾಗ ಚಕ್ರದಲ್ಲಿ 16 ಗೋಡೆಗಳು, 25,000ಕ್ಕೂ ಹೆಚ್ಚು ಹೆಸರುಗಳು. ಇಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆಯವರ ಹೆಸರು ಮಾತ್ರ. ಲೆತ್‌ಪೋರಾದ 40 ಜನರನ್ನು ಇಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಿಆರ್‌ಪಿಎಫ್, ಬಿಎಸ್‌ಎಫ್, ರಾಜ್ಯ ಪೊಲೀಸರಿಗೆ ಚಾಣಕ್ಯಪುರಿಯಲ್ಲಿ ಬೇರೆ ಸ್ಮಾರಕವಿದೆ. ಮೂವತ್ತು ಅಡಿಯ ಒಂದೇ ಕಲ್ಲಿನ ಆ ಸ್ಮಾರಕ ತೆರೆದದ್ದು 2018ರ ಅಕ್ಟೋಬರ್ 21ರಂದು. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀಯರ ಗುಂಡಿಗೆ ಹತ್ತು ಪೊಲೀಸರು ಬಲಿಯಾದ ದಿನ ಅದು. ದಿನವೊಂದೇ ಇದ್ದರೆ ಮಧ್ಯಾಹ್ನ ಅಲ್ಲಿಗೆ, ಸಂಜೆ ಇಲ್ಲಿಗೆ.

ಯುದ್ಧ ಸ್ಮಾರಕದಲ್ಲಿ ಪ್ರತಿ ಸಂಜೆ ಸೂರ್ಯಾಸ್ತದ ಹೊತ್ತಿಗೆ ಒಬ್ಬ ಯೋಧನ ಮನೆಯವರು ಬಂದು ಪುಷ್ಪಚಕ್ರ ಇಡುತ್ತಾರೆ. ಋತುವಿಗೆ ತಕ್ಕಂತೆ ಸಮಯ ಬದಲಾಗುತ್ತದೆ, ಮುಕ್ಕಾಲು ಗಂಟೆ ಮುಂಚೆ ಹೋಗಿ. ಇಲ್ಲಿ ಕರೆಯುವುದು ನಿನ್ನೆ ಮೊನ್ನೆ ಸುದ್ದಿಯಲ್ಲಿದ್ದವರನ್ನಷ್ಟೇ ಅಲ್ಲ, ದಶಕಗಳ ಹಿಂದೆ ಹೋದವರ ಮನೆಯವರನ್ನೂ.

ಊರಿಗೆ ಮರಳಿದ ಮೇಲೆ ನಿಮ್ಮ ತಾಲ್ಲೂಕಿನಲ್ಲೇ ಅಂಥ ಮನೆಯೊಂದು ಇರಬಹುದು. ಮೊದಲ ವಾರ ಅಲ್ಲಿ ಜನ ತುಂಬಿರುತ್ತಾರೆ. ತಿಥಿ ಮುಗಿದ ಮೇಲೆ ಕಾಗದಪತ್ರ ಶುರುವಾಗುತ್ತದೆ. ಉಗ್ರರ ದಾಳಿಯಲ್ಲಿ ಸತ್ತರೆ ಕೇಂದ್ರದ ಪರಿಹಾರ 25 ಲಕ್ಷ, ಗಡಿ ಘರ್ಷಣೆ ಅಥವಾ ಸಿಯಾಚಿನ್ ಅಂಥ ಎತ್ತರದಲ್ಲಾದರೆ 35, ಯುದ್ಧದಲ್ಲಾದರೆ 45 ಎಂದು 2016ರಿಂದ ನಿಗದಿ ಮಾಡಿದ್ದಾರೆ. ಸಾವನ್ನು ಯಾವ ವರ್ಗಕ್ಕೆ ಸೇರಿಸಿದ್ದಾರೆ ಎಂಬುದರ ಮೇಲೆ ಪೆನ್ಶನ್ ಕೂಡ ನಿಂತಿರುತ್ತದೆ. ಆ ಒಕ್ಕಣೆ ಏನಿದೆ ಎಂದು ಮೊದಲು ಓದಿ ಹೇಳುವವರು ಬೇಕು.

ಕೆಲಸ ನಿಲ್ಲುವುದು ಸಣ್ಣ ವಿಷಯಗಳಿಗೆ. ಸೇನಾ ದಾಖಲೆಯಲ್ಲಿ ಹೆಂಡತಿಯ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ಬ್ಯಾಂಕಿನಲ್ಲಿ ಮತ್ತೊಂದು. ಮದುವೆಯಾದ ಮೇಲೆ ನಾಮಿನಿ ಬದಲಿಸದೆ ಅಪ್ಪ ಅಮ್ಮನ ಹೆಸರೇ ಉಳಿದಿರುತ್ತದೆ. ಅತ್ತೆ ಸೊಸೆ ನಡುವೆ ಮನಸ್ತಾಪಕ್ಕೆ ಇಷ್ಟು ಸಾಕು. ಮನೆಗೆ ಹೋಗಿ "ನಿಮ್ಮ ಮಗ ಅಮರ" ಎನ್ನುವವರು ಬಹಳ. ಆಧಾರ್, ಪಾಸ್‌ಬುಕ್, ಮದುವೆ ಪ್ರಮಾಣಪತ್ರ ಒಟ್ಟಿಗೆ ಇಟ್ಟು ಅಕ್ಷರ ಅಕ್ಷರ ತಾಳೆ ನೋಡುವವರು ಕಡಿಮೆ. ವ್ಯತ್ಯಾಸ ಕಂಡರೆ ಅಫಿಡವಿಟ್ ಮಾಡಿಸಿ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಕಳಿಸಿ. ಮದ್ರಾಸ್ ರೆಜಿಮೆಂಟಿಗಾದರೆ ಅದು ನೀಲಗಿರಿಯ ವೆಲ್ಲಿಂಗ್ಟನ್. ಪ್ರತಿಯೊಂದರ ಜೆರಾಕ್ಸ್ ಮನೆಯಲ್ಲಿ ಇಟ್ಟುಕೊಳ್ಳಲು ಹೇಳಿ, ಅಂಚೆ ರಸೀದಿ ಸಮೇತ. ಪತ್ರದ ಮೊದಲ ಸಾಲಿನಲ್ಲಿ ಸೇನಾ ಸಂಖ್ಯೆ, ಹುದ್ದೆ, ಹೆಸರು, ಯೂನಿಟ್, ಇದೇ ಕ್ರಮದಲ್ಲಿ ಬರೆಯಬೇಕು. ಸಂಖ್ಯೆ ಇಲ್ಲದ ಪತ್ರ ಮೇಜಿನಿಂದ ಮೇಜಿಗೆ ಹೋಗುವುದು ತಡ.